ನಮ್ಮ ಕಡೆ ಎನ್‌ಜಿಒ ಭಾಳ ಆಗ್ಯಾವೇನ್ರಿ?

ಪ್ರಶ್ನೆ (ಹುಬ್ಬಳ್ಳಿ):
ನಾವು ಐದು ಮಂದಿ ಗೆಳೆಯಾರು ಸೇರಿ ಒಂದು ಸಂಸ್ಥೆ ರಿಜಿಸ್ಟರ್ ಮಾಡಸೂಣು ಅಂತ ಹೊಂಟೇವಿ, ಹಳ್ಳಿ ಸಾಲಿ ಮಕ್ಕಳಿಗೆ ಏನರ ಮಾಡೂಣು ಅಂತ. ಆದ್ರ ಹುಬ್ಬಳ್ಳಿ-ಧಾರವಾಡದಾಗ ಓಣಿಗೊಂದು ಬೋರ್ಡ್ ಅದಾವ, ಇನ್ನೊಂದು ಬೇಕಾ? ಇದ್ದದ್ದಕ್ಕ ಸೇರೂದು ಚಲೋನೋ ಹೊಸಾದು ಚಲೋನೋ, ಗೊತ್ತಿದ್ದವ್ರು ಹೇಳ್ರಿ.

ಕುಂದಗೋಳ ಮಾಸ್ತರ:
ಜೂನ್ ಬಂತಂದ್ರ ನಮ್ಮ ಸಾಲಿಗೆ ಬ್ಯಾಗ್ ಕೊಡವ್ರು ಪಾಳಿ ಹಚ್ಚತಾರ. ಹೋದ ವರ್ಷ ಅವ ಮಕ್ಕಳಿಗೆ ಮೂರು ಸಂಸ್ಥೆದವ್ರು ಕೊಟ್ಟು ಹೋದ್ರು, ಎಲ್ಲಾದರ ಮ್ಯಾಲೂ ಅವರವರ ಹೆಸರು ಇಷ್ಟಗಲ. ಒಬ್ಬಾಕಿ ಹುಡುಗಿ ಒಂದರಾಗ ಪುಸ್ತಕ ತರ್ತಾಳ, ಇನ್ನೊಂದರಾಗ ಅವರವ್ವ ಬಿತ್ತನಿ ಶೇಂಗಾ ತುಂಬಿಟ್ಟಾಳ. ಸಂಡಾಸ ತೊಳಿಯಾಕ ಒಬ್ಬಾಕಿಗೆ ತಿಂಗಳಾ ಪಗಾರ ಕೊಡ್ರಿ ಅಂದ್ರ ಮಾತ್ರ "ಅದು ನಮ್ಮದರಾಗ ಬರಂಗಿಲ್ರಿ ಸರ್". ನಾವು ರೋಡಿಗೆ ಹತ್ತಿ ಅದೇವಿ ಅಂತ ಇಷ್ಟರ ಬರ್ತಾರ, ಒಳಗಿನ ಊರಿಗೆ ಯಾರೂ ಹಣಿಕಿ ಹಾಕಂಗಿಲ್ಲ.

ಗದಗದಿಂದ ಒಬ್ಬರು:
ಮಾಸ್ತರ ಮಾತು ಖರೆ, ಆದ್ರ ಸಂಸ್ಥೆದವ್ರನ್ನಷ್ಟ ಬೈದ್ರ ಆಗಂಗಿಲ್ರಿ. ನಾ ಇಂಥಾವರ ಲೆಕ್ಕ ಬರಿಯಾಂವ. 2013ರ ಕಂಪನಿ ಕಾಯ್ದೆ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗೋಳು ಹಿಂದಿನ 3 ವರ್ಷದ ಸರಾಸರಿ ಲಾಭದಾಗ ಶೇ. 2 ಸಮಾಜಕ್ಕ ಖರ್ಚು ಮಾಡಬೇಕು, ಆ ರೊಕ್ಕ ತಡಾ ಮಾಡಿ ಬರತೈತಿ, ಮಾರ್ಚ್‌ದೊಳಗ ಬಿಲ್ಲು ಫೋಟೊ ಎಲ್ಲಾ ಬೇಕು ಅಂತಾರ, ಬ್ಯಾಗ್ ತಂದ್ರ ಒಂದ ದಿನದಾಗ ಬಿಲ್ ಆತು, ಪಗಾರಂದ್ರ ಮುಂದಿನ ವರ್ಷ ಯಾರ ಕೊಡವ್ರು? ಇನ್ನ ರಿಜಿಸ್ಟರ್ ಮಾತು. ನಮ್ಮ ರಾಜ್ಯದ 1960ರ ಕಾಯ್ದೆಗೆ ಕಡಿಮಿ ಅಂದ್ರೂ 7 ಮಂದಿ ಬೇಕು, ನೀವು ಇನ್ನಿಬ್ಬರನ್ನ ಹುಡುಕ್ರಿ 😀 ಆಮ್ಯಾಲೆ ವರ್ಷಾ ಆಡಿಟ್, ಸಂಸ್ಥೆಗೂ ದಾನ ಕೊಟ್ಟವ್ರಿಗೂ ಟ್ಯಾಕ್ಸ್ ರಿಯಾಯ್ತಿ ಸಿಗೂ ನೋಂದಣಿ (12ಎ, 80ಜಿ ಅಂತಾರ), ಮತ್ತ ನಾ ಹೇಳಿದ ಆ ಕಂಪನಿ ರೊಕ್ಕಕ್ಕ (ಸಿಎಸ್‌ಆರ್) 3 ವರ್ಷ ಕೆಲಸಾ ಮಾಡಿದ ದಾಖಲಿ.

ಹೊಳೆ ದಂಡಿಯಂವ:
ಭಾಳ ಆಗ್ಯಾವ ಅನ್ನೂದು ಸಿಟಿ ಮಾತ್ರೀ. 2019ರ ಆಗಸ್ಟ್‌ದಾಗ ಮಲಪ್ರಭಾ ಏರಿ ನಮ್ಮ ರೋಣ, ನರಗುಂದ ಕಡೆ ಮನಿ ಬಿದ್ದಾಗ ಹೊದಿಕಿ ಗುಡ್ಡದಂಗ ಬಂದುವು, ಇಲ್ಲನ್ನಂಗಿಲ್ಲ. ಆದ್ರ ಆಧಾರ್‌ದಾಗ ಒಂದು ಹೆಸರು ಉತಾರದಾಗ ಒಂದು ಹೆಸರು ಅಂತ ಪರಿಹಾರ ನಿಂತವ್ರ ಕೂಡ ಆಫೀಸಿಗೆ ತಿರಗಾಕ ಬಂದವ್ರು ಇಬ್ಬರ ಹುಡುಗ್ರು. ಅಂಥಾವ್ರು ಎಲ್ಲಿ ಅದಾರ ಹೇಳ್ರಿ, ಹೆಚ್ಚಾಗ್ಯಾರಂತ.

ಪ್ರಶ್ನೆ ಕೇಳಿದಾಂವ:
ಮಾಸ್ತರ, ಸಂಸ್ಥೆ ಸದ್ಯ ಇರ್ಲಿ. ಆ ಸಂಡಾಸ ತೊಳಿಯಾಕಿ ಪಗಾರ ನಾವು ಐದು ಮಂದಿ ಹಂಚಿಕೊಂಡ್ರ ಸಾಲಿ ಎಸ್‌ಡಿಎಂಸಿ (ಪಾಲಕರ ಸಮಿತಿ) ಖಾತೆಕ್ಕ ಹಾಕಾಕ ಬರತೈತ್ರಿ?

ಕುಂದಗೋಳ ಮಾಸ್ತರ:
ಬರತೈತಿ, ರಸೀದಿ ಇಸ್ಕೋರಿ. ನಮಗ ಬ್ಯಾಡ, ಒಳಗಿನ ಊರಿನ ಹೆಡ್ ಮಾಸ್ತರ ನಂಬರ್ ಮೆಸೇಜ್ ಮಾಡ್ತೀನಿ.