ಹೊಸ ಔಷಧಿ ಬರುವವರೆಗೆ ಕಾಯಬಹುದೇ? ನೆತ್ತಿಯ ಕೂದಲಿನ ಬಗ್ಗೆ ಒಂದು ಪ್ರಶ್ನೆ

ಕೇಳಿದವರು: ವಿದ್ಯಾನಗರದ ಮೇಷ್ಟ್ರು, ದಾವಣಗೆರೆ

ನನಗೆ 29 ವರ್ಷ. ಇಲ್ಲಿನ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮೂರು ವರ್ಷಗಳಿಂದ ನೆತ್ತಿಯ ಕೂದಲು ತೆಳುವಾಗುತ್ತ ಬಂದಿದ್ದು, ಈಗ ಟ್ಯೂಬ್‌ಲೈಟಿನ ಕೆಳಗೆ ನಿಂತರೆ ಬುರುಡೆಯ ಚರ್ಮ ಕಾಣುತ್ತದೆ. ಬೋರ್ಡಿನ ಕಡೆ ತಿರುಗಿ ಬರೆಯುವಾಗ ಹಿಂದಿನ ಬೆಂಚಿನಿಂದ ಕೇಳಿಬರುವ ನಗು ಯಾವುದರ ಕುರಿತದ್ದು ಎಂದು ವಿಚಾರಿಸುವ ಅಗತ್ಯವೂ ಉಳಿದಿಲ್ಲ. ಅಪ್ಪನಿಗೂ ಸೋದರಮಾವನಿಗೂ ಬೊಕ್ಕತಲೆ. ಅಜ್ಜಿ ಮಾತ್ರ ಇದೆಲ್ಲ ಬೋರ್‌ವೆಲ್ ನೀರಿನ ಕೆಲಸ, ತಲೆಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದ್ದರ ಫಲ ಎನ್ನುತ್ತಾರೆ. ಹೆಣ್ಣು ನೋಡುವ ಮಾತು ನಡೆದಿರುವುದರಿಂದ ಅವಸರ ನನಗಿಂತ ಮನೆಯವರಿಗೇ ಹೆಚ್ಚು.

ಚರ್ಮರೋಗ ವೈದ್ಯರು ಇದು ವಂಶಪಾರಂಪರ್ಯವಾಗಿ ಬರುವ, ಗಂಡಸರಲ್ಲಿ ಸಾಮಾನ್ಯವಾದ ಕೂದಲುದುರುವಿಕೆ ಎಂದು ಹೇಳಿ, ಶೇ 5ರ ಮಿನಾಕ್ಸಿಡಿಲ್ ಹಚ್ಚಲು ಮತ್ತು ದಿನಕ್ಕೊಂದು 1 ಮಿ.ಗ್ರಾಂ ಫಿನಾಸ್ಟರೈಡ್ ಮಾತ್ರೆ ನುಂಗಲು ಬರೆದುಕೊಟ್ಟರು. ಮಿನಾಕ್ಸಿಡಿಲ್ ಹಚ್ಚಿದ ಐದು ವಾರಗಳಲ್ಲಿ ಕೂದಲು ಮೊದಲಿಗಿಂತ ಹೆಚ್ಚು ಉದುರತೊಡಗಿದ್ದರಿಂದ ಹೆದರಿ ಬಿಟ್ಟೆ. ಮಾತ್ರೆಯ ಅಡ್ಡಪರಿಣಾಮಗಳನ್ನು ಓದಿದ ಮೇಲೆ ಆ ಚೀಟಿಯನ್ನು ಪುಸ್ತಕವೊಂದರೊಳಗೆ ಇಟ್ಟವನು ಇನ್ನೂ ತೆಗೆದಿಲ್ಲ. ಈ ನಡುವೆ ಪಿಪಿ405, ಕ್ಲಾಸ್ಕೊಟೆರೋನ್ ಎಂಬ ಹೊಸ ಔಷಧಿಗಳ ಸುದ್ದಿ ಓದಿ, ಎರಡು ಮೂರು ವರ್ಷ ತಾಳಿಕೊಂಡರೆ ಈ ಹಳೆಯ ಔಷಧಿಗಳ ಗೊಡವೆಯೇ ಬೇಡವಾಗಬಹುದು ಎಂದು ಅನ್ನಿಸುತ್ತಿದೆ. ಇನ್ನೊಂದು ಕಡೆ, ನಮ್ಮೂರಿನ ಒಂದು ಕ್ಲಿನಿಕ್ಕಿನವರು 'ಎಕ್ಸೋಸೋಮ್' ಎಂಬ ಚುಚ್ಚುಮದ್ದನ್ನು ಆರು ಸಲ ಕೊಡುತ್ತೇವೆ, ಒಟ್ಟು 60,000 ರೂಪಾಯಿ, ಕೂದಲು ಬಂದೇ ಬರುತ್ತದೆ ಎನ್ನುತ್ತಿದ್ದಾರೆ. ಕಾಯಲೇ, ಚುಚ್ಚಿಸಿಕೊಳ್ಳಲೇ, ಪುಸ್ತಕದಿಂದ ಚೀಟಿ ತೆಗೆಯಲೇ?

ಉತ್ತರ: ಕೋಟೆ ಊರಿನವ, ಚಿತ್ರದುರ್ಗ

ಮೇಷ್ಟ್ರೇ, ಕಾಯುವ ವಿಷಯದಲ್ಲಿ ನನಗಿರುವಷ್ಟು ಅನುಭವ ಈ ಎರಡೂ ಜಿಲ್ಲೆಗಳಲ್ಲಿ ಬೇರೆಯವರಿಗೆ ಇರಲಾರದು. ನನಗೀಗ 47. ನಾಲ್ಕು ಕೂದಲು ಕಿತ್ತು, ಅವುಗಳ ಕೋಶಗಳನ್ನು ಪ್ರಯೋಗಾಲಯದಲ್ಲಿ ಸಾವಿರಪಟ್ಟು ಬೆಳೆಸಿ ಮತ್ತೆ ತಲೆಗೆ ಸೇರಿಸುವ ವಿಧಾನ ಇನ್ನೈದು ವರ್ಷದಲ್ಲಿ ಬರಲಿದೆ ಎಂದು 2005ರ ಸುಮಾರಿಗೆ ಓದಿದ್ದೆ. ಐದು ವರ್ಷ ಕಳೆದ ಮೇಲೂ ಅದು ಇನ್ನೈದು ವರ್ಷ ದೂರದಲ್ಲಿಯೇ ಇತ್ತು. 2012ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಬೋಳಾದ ನೆತ್ತಿಯ ಚರ್ಮದಲ್ಲಿ ಪ್ರೊಸ್ಟಗ್ಲಾಂಡಿನ್ ಡಿ2 ಎಂಬ ವಸ್ತು ಹೆಚ್ಚಾಗಿರುವುದನ್ನು ಕಂಡುಕೊಂಡಾಗ, ಇನ್ನೇನು ಗುಟ್ಟು ರಟ್ಟಾಯಿತು ಎಂದುಕೊಂಡೆ. ಅದನ್ನು ತಡೆಯುವ ಸೆಟಿಪಿಪ್ರಾಂಟ್ ಎಂಬ ಔಷಧಿಯ ಪುಡಿಯನ್ನು ಕೆಲವರು ಪರೀಕ್ಷೆ ಮುಗಿಯುವ ಮೊದಲೇ ಹೊರದೇಶದಿಂದ ತರಿಸಿಕೊಂಡು ಸೇವಿಸಿದರು. ಕೊನೆಗೆ ಗಂಡಸರ ಮೇಲೆ ಸರಿಯಾಗಿ ಪರೀಕ್ಷಿಸಿ ನೋಡಿದರೆ ಕೂದಲು ಬೆಳೆಯಲಿಲ್ಲ.

ಇಷ್ಟು ವರ್ಷವೂ ನಾನು ಫಿನಾಸ್ಟರೈಡನ್ನು 'ಹಳೆಯದು' ಎಂದು ತಾತ್ಸಾರ ಮಾಡಿ ಮುಟ್ಟಲಿಲ್ಲ. 42ರಲ್ಲಿ ಕೂದಲು ಕಸಿ ಮಾಡಿಸೋಣವೆಂದು ಹೋದರೆ, ಶಸ್ತ್ರವೈದ್ಯರು ನನ್ನ ಹಿಂದಲೆಯನ್ನು ನೋಡಿ, ಇಲ್ಲಿಂದ ತೆಗೆಯಬಹುದಾದ ಕೂದಲಿನಿಂದ ಮುಂದಲೆ ಮುಚ್ಚೀತು, ನೆತ್ತಿ ಮುಚ್ಚದು ಎಂದರು. ಹಿಂದಲೆಯ ಕೂದಲನ್ನು ಎಲ್ಲಿ ನೆಟ್ಟರೂ ಅದು ತನ್ನ ಗುಣವನ್ನು ಉಳಿಸಿಕೊಳ್ಳುತ್ತದೆ ಎಂಬುದು 1959ರಿಂದಲೂ ತಿಳಿದ ಸಂಗತಿ. ಆದರೆ ನೆಡುವುದಕ್ಕೆ ಬಿತ್ತನೆ ಬೇಕಲ್ಲ. ಈಗ ಬೆಳಗ್ಗೆ ಕೋಟೆ ಹತ್ತುವಾಗ ಟೋಪಿ ಹಾಕುತ್ತೇನೆ. ಕೇಳಿದವರಿಗೆ ಬಿಸಿಲು ಎನ್ನುತ್ತೇನೆ.

ಉತ್ತರ: ಔಷಧಶಾಸ್ತ್ರ ಬೋಧಕಿ, ದಾವಣಗೆರೆ

ಮೇಷ್ಟ್ರೇ, ಮೊದಲು ಮಿನಾಕ್ಸಿಡಿಲ್ ವಿಷಯ. ನೀವು ಅದನ್ನು ಬಿಡಬಾರದ ಹೊತ್ತಿನಲ್ಲಿಯೇ ಬಿಟ್ಟಿದ್ದೀರಿ. ವಿಶ್ರಾಂತಿಯಲ್ಲಿರುವ ಹಳೆಯ ಕೂದಲುಗಳನ್ನು ಹೊಸ ಬೆಳವಣಿಗೆ ಹೊರಗೆ ತಳ್ಳುವುದರಿಂದ ಮೊದಲ ಕೆಲವು ವಾರ ಉದುರುವುದು ಹೆಚ್ಚುತ್ತದೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ನಿಲ್ಲಿಸಿದರೆ ಗಳಿಸಿದ್ದು ಕೆಲವೇ ತಿಂಗಳಲ್ಲಿ ಹೋಗುತ್ತದೆ. ಮೂಲದಲ್ಲಿ ಇದು ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದರಿಂದ ಅದನ್ನು ದ್ರಾವಣವಾಗಿ ಮಾಡಿ, 1988ರಲ್ಲಿ ಅಮೆರಿಕದಲ್ಲಿ ಗಂಡಸರ ಕೂದಲಿಗೆಂದು ಮಂಜೂರು ಮಾಡಿದರು.

ಇನ್ನು ಪಿಪಿ405. ಬೋಳಾದ ನೆತ್ತಿಯಲ್ಲಿಯೂ ಹೊಸ ಕೂದಲು ಹುಟ್ಟಿಸುವ, ಕೂದಲ ಬುಡದ ಆಕರ ಕೋಶಗಳು ಸತ್ತಿರುವುದಿಲ್ಲ, ಮಲಗಿರುತ್ತವೆ ಎಂಬುದು ಇದರ ಹಿಂದಿರುವ ತರ್ಕ. ಸಕ್ಕರೆ ಒಡೆದಾಗ ಹುಟ್ಟುವ ಪೈರುವೇಟ್, ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದೊಳಗೆ ಹೋಗುವ ದಾರಿಯನ್ನು ಮುಚ್ಚಿದರೆ ಲ್ಯಾಕ್ಟೇಟ್ ಎಂಬ ವಸ್ತು ಹೆಚ್ಚಾಗಿ ಆ ಕೋಶಗಳು ಎಚ್ಚರಗೊಳ್ಳುತ್ತವೆ ಎಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ಇಲಿಗಳಲ್ಲಿ ತೋರಿಸಿದರು. ತರ್ಕ ಚೆನ್ನಾಗಿದೆ, ನನಗೂ ಕುತೂಹಲವಿದೆ. ಆದರೆ ಇಲಿಯ ಬೆನ್ನಿನ ಮೇಲೆ ಕೂದಲು ಬೆಳೆಸಿದ ಔಷಧಿಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ನಮ್ಮ ಮಂಡಿಪೇಟೆಯ ಒಂದು ಬೀದಿ ತುಂಬೀತು. 2025ರಲ್ಲಿ ಕಂಪನಿ ಪ್ರಕಟಿಸಿದ ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಇದ್ದವರು 78 ಮಂದಿ. ಔಷಧಿ ಹಚ್ಚಿದ್ದು ನಾಲ್ಕು ವಾರ. ಕೂದಲು ಹೆಚ್ಚು ಉದುರಿದ್ದ ಗಂಡಸರಲ್ಲಿ ಶೇ 31ರಷ್ಟು ಜನರಿಗೆ ಎಂಟನೆಯ ವಾರದಲ್ಲಿ ಕೂದಲ ದಟ್ಟಣೆ ಶೇ 20ಕ್ಕಿಂತ ಹೆಚ್ಚಾಗಿತ್ತು ಎಂಬುದು ಸುದ್ದಿಯಾಯಿತು. ಅದು ಒಟ್ಟು ಗುಂಪಿನ ಒಂದು ಭಾಗದ ಲೆಕ್ಕ, ಪರೀಕ್ಷೆಯ ಮುಖ್ಯ ಉದ್ದೇಶವೂ ಸುರಕ್ಷತೆಯನ್ನು ನೋಡುವುದೇ ಆಗಿತ್ತು ಎಂಬುದನ್ನು ಸುದ್ದಿ ಹಂಚಿಕೊಂಡವರು ಬಿಟ್ಟುಬಿಟ್ಟರು.

ಕೂದಲನ್ನು ತೆಳುವಾಗಿಸುವ ಗಂಡು ಹಾರ್ಮೋನನ್ನು ಕೂದಲ ಬುಡದಲ್ಲಿಯೇ ತಡೆಯುವ ಕ್ಲಾಸ್ಕೊಟೆರೋನ್ ಇದಕ್ಕಿಂತ ಬಹಳ ಮುಂದಿದೆ. ಅದರ ಶೇ 1ರ ಕ್ರೀಮು ಮೊಡವೆಗಾಗಿ 2020ರಲ್ಲಿಯೇ ಅಮೆರಿಕದಲ್ಲಿ ಮಂಜೂರಾಗಿದೆ. ಕೂದಲಿಗಾಗಿ ಶೇ 5ರ ದ್ರಾವಣದ ಮೂರನೆಯ ಹಂತದ ಪರೀಕ್ಷೆಗಳ ಫಲಿತಾಂಶವನ್ನು ಕಂಪನಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಆಗ ಬಂದ 'ಶೇ 539 ಸುಧಾರಣೆ' ಎಂಬ ಅಂಕಿಯನ್ನು ನೀವೂ ಓದಿರಬೇಕು. ಭೌತಶಾಸ್ತ್ರದವರಾದ್ದರಿಂದ ನಿಮಗೆ ಬೇಗ ಅರ್ಥವಾದೀತು: ಅದು ಹುಸಿ ಔಷಧಿ ಹಚ್ಚಿಕೊಂಡವರಿಗೆ ಹೋಲಿಸಿದ ಅನುಪಾತ. ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆ ಹೇಳುತ್ತೇನೆ: ನಾಣ್ಯದಷ್ಟು ಜಾಗದಲ್ಲಿ ಅವರಿಗೆ 2 ಕೂದಲು ಹೆಚ್ಚಾಗಿ, ಔಷಧಿ ಹಚ್ಚಿದವರಿಗೆ ಸುಮಾರು 13 ಹೆಚ್ಚಾದರೆ ಅದೇ ಅಂಕಿ ಬರುತ್ತದೆ. ತಲೆಯ ಮೇಲಿದ್ದ ಕೂದಲೇ ಐದು ಪಟ್ಟಾಯಿತು ಎಂದು ಇದರ ಅರ್ಥವಲ್ಲ. ಇದೇ ಬಗೆಯಲ್ಲಿ ಹಾರ್ಮೋನನ್ನು ಕೂದಲ ಬುಡದಲ್ಲಿ ತಡೆಯಬೇಕಿದ್ದ ಕೆಎಕ್ಸ್-826 ಎಂಬ ಔಷಧಿ 2023ರಲ್ಲಿ ಚೀನಾದ ಮೂರನೆಯ ಹಂತದ ಪರೀಕ್ಷೆಯಲ್ಲಿ ಹುಸಿ ಔಷಧಿಯನ್ನು ಸ್ಪಷ್ಟವಾಗಿ ಮೀರಲಿಲ್ಲ ಎಂಬುದನ್ನೂ ನೆನಪಿಡಿ.

ಎಕ್ಸೋಸೋಮ್, ಅಂದರೆ ಕೋಶಗಳು ಹೊರಬಿಡುವ ಅತಿಸೂಕ್ಷ್ಮ ಚೀಲಗಳ ವಿಷಯದಲ್ಲಿ ನನಗೆ ಅನುಮಾನಕ್ಕಿಂತ ಸಿಟ್ಟು ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಒಂದು ಉತ್ಪನ್ನವನ್ನೂ ಕೂದಲಿಗಾಗಿ ಮಂಜೂರು ಮಾಡಿಲ್ಲ. ಬೋಳುತಲೆಯನ್ನು ವಾಸಿಮಾಡುತ್ತದೆ ಎಂದು ಯಾವ ಔಷಧಿಯ ಬಗ್ಗೆಯೂ ಹೇಳಿಕೊಳ್ಳಬಾರದೆಂದು ನಮ್ಮ ಔಷಧ ಮತ್ತು ಪ್ರಸಾಧನ ನಿಯಮಗಳ 'ಜೆ' ಅನುಸೂಚಿಯಲ್ಲಿಯೇ ಇದೆ. ಅವರು ಇದು ಪ್ರಯೋಗ ಎಂದು ವಾದಿಸಿದರೆ, ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆಯಾದ 'ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ - ಇಂಡಿಯಾ'ದ ನೋಂದಣಿ ಸಂಖ್ಯೆಯನ್ನೂ ನೈತಿಕ ಸಮಿತಿಯ ಒಪ್ಪಿಗೆಪತ್ರವನ್ನೂ ಕೇಳಿ. 2009ರ ಜೂನ್‌ನಿಂದ ಆ ನೋಂದಣಿ ಕಡ್ಡಾಯವಾಗಿದೆ. ಪ್ರಯೋಗಕ್ಕೆ ತಲೆ ಕೊಡುವವನಿಂದಲೇ 60,000 ರೂಪಾಯಿ ವಸೂಲಿ ಮಾಡುವುದು ಯಾವ ಸೀಮೆಯ ಪ್ರಯೋಗ?

ಉತ್ತರ: ಹರಿಹರದ ತಾಯಿ

ಒಂದು ಮಾತು ಸೇರಿಸುತ್ತೇನೆ. ನನ್ನ ಮಗಳಿಗೆ ತಲೆಯಲ್ಲಿ ಬಿಲ್ಲೆಬಿಲ್ಲೆಯಾಗಿ ಕೂದಲು ಹೋದಾಗ ಊರಿನವರೆಲ್ಲ 'ಹುಳ ತಿಂದಿದೆ' ಎಂದರು. ಅದು ರೋಗನಿರೋಧಕ ಶಕ್ತಿ ತನ್ನ ಕೂದಲ ಬುಡದ ಮೇಲೆಯೇ ತಿರುಗಿ ಬೀಳುವ ಬೇರೆಯೇ ಕಾಯಿಲೆ. 2022ರಲ್ಲಿ ಅಮೆರಿಕದಲ್ಲಿ ಮಂಜೂರಾದ ಬಾರಿಸಿಟಿನಿಬ್ ಅಂಥ ಕಾಯಿಲೆ ತೀವ್ರವಾಗಿರುವ ವಯಸ್ಕರಿಗೆ. ಅದರ ಮೊದಲಿನ ಮತ್ತು ನಂತರದ ಚಿತ್ರಗಳನ್ನು ನೋಡಿ ಮೇಷ್ಟ್ರಂಥವರು ಆಸೆಪಡಬಾರದೆಂದು ಹೇಳಿದೆ.

ಕೇಳಿದವರು: ವಿದ್ಯಾನಗರದ ಮೇಷ್ಟ್ರು

ಎಲ್ಲರಿಗೂ ವಂದನೆಗಳು. ಕ್ಲಿನಿಕ್ಕಿಗೆ ಫೋನ್ ಮಾಡಿ ನೋಂದಣಿ ಸಂಖ್ಯೆ ಕೇಳಿದೆ. ಅಡ್ವಾನ್ಸ್ ಕಟ್ಟಿದ ಮೇಲೆ ಡಾಕ್ಟರೇ ವಿವರಿಸುತ್ತಾರೆ ಎಂಬ ಉತ್ತರ ಬಂದಿತು. ಆ ದಾರಿ ಅಲ್ಲಿಗೆ ಮುಗಿಯಿತು. ಮೇಡಂ, ಮದುವೆಯ ಹೊಸ್ತಿಲಲ್ಲಿ ನಿಂತು ಫಿನಾಸ್ಟರೈಡ್ ನುಂಗುವ ಧೈರ್ಯ ಮಾತ್ರ ಬರುತ್ತಿಲ್ಲ. ನನ್ನ ಹೆದರಿಕೆ ಅತಿಯಾದದ್ದೇ?

ಉತ್ತರ: ಔಷಧಶಾಸ್ತ್ರ ಬೋಧಕಿ

ಅತಿಯಾದದ್ದಲ್ಲ, ಆದರೆ ಅಳತೆ ಬೇಕು. 1998ರಲ್ಲಿ ಪ್ರಕಟವಾದ 1,553 ಗಂಡಸರ ಅಧ್ಯಯನದಲ್ಲಿ, ಎರಡು ವರ್ಷಗಳ ಕೊನೆಗೆ ಇದ್ದ ಕೂದಲನ್ನು ಉಳಿಸಿಕೊಂಡವರು ಮಾತ್ರೆ ತೆಗೆದುಕೊಂಡವರಲ್ಲಿ ಶೇ 83, ಹುಸಿ ಮಾತ್ರೆಯವರಲ್ಲಿ ಶೇ 28. ಲೈಂಗಿಕ ತೊಂದರೆ ಹೇಳಿಕೊಂಡವರು ಮೊದಲ ವರ್ಷದಲ್ಲಿ ಕ್ರಮವಾಗಿ ಶೇ 3.8 ಮತ್ತು ಶೇ 2.1. ಕೆಲವರಲ್ಲಿ ಮಾತ್ರೆ ಬಿಟ್ಟ ಮೇಲೂ ತೊಂದರೆ ಮುಂದುವರಿದ ವರದಿಗಳಿವೆ ಎಂದು 2012ರಲ್ಲಿ ಎಫ್‌ಡಿಎ ಔಷಧಿಯ ಮಾಹಿತಿಯಲ್ಲಿ ಸೇರಿಸಿತು. ಆತ್ಮಹತ್ಯೆಯ ಆಲೋಚನೆ ಇದರ ಅಡ್ಡಪರಿಣಾಮವೆಂದು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ದೃಢಪಡಿಸಿತು. ಹಿಂದೆ ಖಿನ್ನತೆ ಕಾಡಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ, ಮಕ್ಕಳ ಯೋಚನೆ ಬಂದಾಗಲೂ ಅವರೊಡನೆ ಮಾತನಾಡಿ. ಇಷ್ಟರ ಮೇಲೂ ಮನಸ್ಸು ಒಪ್ಪದಿದ್ದರೆ ಮಿನಾಕ್ಸಿಡಿಲ್ ಒಂದನ್ನೇ ಮತ್ತೆ ಶುರುಮಾಡಿ, ಪ್ರತಿ ತಿಂಗಳ ಒಂದನೆಯ ತಾರೀಕು ಅದೇ ಟ್ಯೂಬ್‌ಲೈಟಿನ ಕೆಳಗೆ ನೆತ್ತಿಯ ಫೋಟೋ ತೆಗೆಸಿಕೊಳ್ಳಿ. ಕ್ಲಾಸ್ಕೊಟೆರೋನ್ ಬಂದರೆ ಬರಲಿ. ಅಷ್ಟರವರೆಗೆ ತಲೆಯ ಮೇಲೆ ಏನಾದರೂ ಉಳಿದಿರಬೇಕು.

ಕೇಳಿದವರು: ವಿದ್ಯಾನಗರದ ಮೇಷ್ಟ್ರು

ಇಂದು ರಾತ್ರಿಯಿಂದಲೇ ಹಚ್ಚುತ್ತೇನೆ. ಅಜ್ಜಿಯ ಕೊಬ್ಬರಿ ಎಣ್ಣೆಯನ್ನು ಏನು ಮಾಡಲಿ?

ಉತ್ತರ: ಔಷಧಶಾಸ್ತ್ರ ಬೋಧಕಿ

ಭಾನುವಾರ ಬೆಳಗ್ಗೆ ಹಚ್ಚಿಸಿಕೊಂಡು, ಸ್ನಾನದಲ್ಲಿ ಚೆನ್ನಾಗಿ ತೊಳೆದು, ತಲೆ ಪೂರ್ತಿ ಒಣಗಿದ ಮೇಲೆ ಮಿನಾಕ್ಸಿಡಿಲ್ ಹಾಕಿ. ಬೋರ್‌ವೆಲ್ ನೀರೇ ಆದೀತು.