ವಿಷಯ: ‘ರೆಟ್ರೋ ಫ್ಯೂಚರಿಸಂ’ಗೆ ಕನ್ನಡದಲ್ಲಿ ಏನಂತೀವಿ? (ಅರ್ಜೆಂಟು)

ನಮಸ್ಕಾರ, ನಮ್ಮ ಫಿಲ್ಮ್ ಕ್ಲಬ್ಬಲ್ಲಿ ಶನಿವಾರ ‘ಏಲಿಯನ್’ (1979), ‘ಬ್ಲೇಡ್ ರನ್ನರ್’ (1982) ಹಾಕ್ತಿದೀವಿ, ಪೋಸ್ಟರ್ ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗ್ಬೇಕು. ಆ ಕಾಲದ ಸೈ-ಫೈ ಲುಕ್ ಇದ್ಯಲ್ಲ, ದಪ್ಪ ಟ್ಯೂಬಿನ ಮಾನಿಟರು, ಕಪ್ಪು ಸ್ಕ್ರೀನಲ್ಲಿ ಹಸಿರು ಅಕ್ಷರ, ಹೊಗೆ, ಮಳೆ, ನಿಯಾನು, ಗ್ರಾಫಿಕ್ಸ್ ಬದಲು ಕೈಯಲ್ಲಿ ಕಟ್ಟಿದ ಮಾಡೆಲ್ ಹಡಗು, ಅದರ ಮೇಲಿನ ಸೆಳೆತಕ್ಕೆ ಪದ ಬೇಕು. ‘ಗತಭವಿಷ್ಯ’ ನಡೆಯುತ್ತಾ?

---
> ‘ಗತಭವಿಷ್ಯ’

ಬೇಡ. ಶ್ರಾದ್ಧದ ಮಂತ್ರ ಕೇಳಿದಂಗಿದೆ. ಕನ್ನಡದ್ದೇ ‘ಹಳಹಳಿಕೆ’ ಇದೆ, ಬೇರಲ್ಲೇ ‘ಹಳೆ’ ಕೂತಿದೆ. ‘ಮುನ್ನಾಳಿನ ಹಳಹಳಿಕೆ’ ಅಂತ ಹಾಕಿ. ಒಂದೂ ಮಹಾಪ್ರಾಣ ಇಲ್ಲ.

---
> ಬೇರಲ್ಲೇ ‘ಹಳೆ’ ಕೂತಿದೆ

ಕೂತಿಲ್ಲ. ‘ಹಳೆ’ ಹಳಗನ್ನಡದ ೞಕಾರದ (ಈಗ ಬಿಟ್ಟುಹೋದ ಅಕ್ಷರ) ‘ಪೞ’ದಿಂದ ಬಂದಿದ್ದು, ಹಳಹಳಿಕೆಗೂ ಅದಕ್ಕೂ ನಂಟಿಲ್ಲ. ಹಳಹಳಿಸು ಅಂದ್ರೆ ಕೊರಗು, ನಿನ್ನೆ ದುಡ್ಡು ಕಳ್ಕೊಂಡವನೂ ಹಳಹಳಿಸ್ತಾನೆ. ಇಲ್ಲಿ ಕೊರಗೋಕೆ ಏನಿದೆ? ಬ್ಲೇಡ್ ರನ್ನರ್ ಕತೆ ನಡೆಯೋದು 2019ರ ನವೆಂಬರ್, ಲಾಸ್ ಏಂಜಲಿಸಲ್ಲಿ, ಆ ತಾರೀಖು ಬಂದೂ ಹೋಯ್ತು, ಹಾರೋ ಕಾರು ಬರ್ಲಿಲ್ಲ, ಅದ್ರಲ್ಲಿ ಹೀರೋ ಫೋಟೋನ ಬಾಯಲ್ಲಿ ಹೇಳಿಯೇ ಝೂಮ್ ಮಾಡಿಸ್ತಾನೆ ಆದ್ರೆ ಕೊನೆಗೆ ಕಾಗದದ ಮೇಲೆ ಪ್ರಿಂಟ್ ತಗೋತಾನೆ, ಏಲಿಯನ್ನಲ್ಲಿ ಹಡಗಿನ ಕಂಪ್ಯೂಟರ್ ‘ಮದರ್’ನ ಏನಾದ್ರೂ ಕೇಳ್ಬೇಕಂದ್ರೆ ಕೂತು ಟೈಪ್ ಮಾಡ್ಬೇಕು. ನಂಗೆ ಮಜಾ ಕೊಡೋದೇ ಅದು. ಕಳೆದುಹೋದ ಕಾಲ ಅಲ್ಲ ಸ್ವಾಮಿ, ಬರದೇ ಹೋದ ಕಾಲ.

‘ಮುನ್ನ’ ಅಂದ್ರೆ ಹಿಂದೆ, ‘ಮುಂದೆ’ ಅಂದ್ರೆ ಇನ್ಮೇಲೆ, ಬೇರು ಒಂದೇ. ‘ಮುನ್ನಿನ ಮುಂದು’ ಅನ್ನಿ.

---
ಪೋಸ್ಟರ್ ಓದೋನು ನಿಘಂಟು ಹಿಡ್ಕೊಂಡು ಬರ್ತಾನಾ? ರೆಟ್ರೋ ಅಂತಾನೇ ಬಿಡಿ. ರೋಬೋಟ್ ಏನು ಇಂಗ್ಲಿಷಿನವರ ಸ್ವಂತದ್ದಾ, ಚೆಕ್ ಲೇಖಕ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ ಎತ್ಕೊಂಡಿದ್ದು, ‘ರೋಬೋಟಾ’ ಅಂದ್ರೆ ಬಿಟ್ಟಿಚಾಕರಿ. ಅವ್ರು ಹಂಗೇ ತಗೊಂಡ್ರು, ನಾವು ‘ಯಂತ್ರಮಾನವ’ ಕಟ್ಕೊಂಡು ಒದ್ದಾಡ್ತಿದೀವಿ.

---
ಅವ್ರು ಸಾಲ ಮಾಡಿದ್ರು ಅಂತ ನಾವೂ ಮಾಡ್ಬೇಕಾ? ‘ಬಾನುಲಿ’ ಕಟ್ಟಿದ ನುಡಿ ಇದು. ಮತ್ತೆ, ಯಂತ್ರವೂ ಸಂಸ್ಕೃತ, ಮಾನವನೂ ಸಂಸ್ಕೃತ, ಅದನ್ನ ಕನ್ನಡದ ತಲೆಗೆ ಕಟ್ಬೇಡಿ.

---
ಎಲ್ರಿಗೂ ಥ್ಯಾಂಕ್ಸ್. ಡಿಸೈನರ್ ಕಾಯಲಿಲ್ಲ, ‘ರೆಟ್ರೋ ಸೈ-ಫೈ ಸಂಜೆ’ ಅಂತ ಹಾಕಿ ಕಳಿಸಿಬಿಟ್ರು. ‘ಮುನ್ನಿನ ಮುಂದು’ ಕೆಳಗೆ ಸಣ್ಣಕ್ಷರದಲ್ಲಿ ಸೇರಿಸ್ತಿದೀನಿ. ಸಂಜೆ ಆದ್ರೂ ಕನ್ನಡ ಇದ್ಯಲ್ಲ.

---
> ಸಂಜೆ ಆದ್ರೂ ಕನ್ನಡ

ಸಂಧ್ಯಾದ ತದ್ಭವ. ಬೈಗು ಅನ್ನಿ.