‘ಜಾತಿ ಗಣತಿ’ ಅನ್ನೋ ಹಾಗಿಲ್ಲ, ‘ಹುಲ್ಲುಗಾವಲು’ ಸಾಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ.

ನಾನಿರುವುದು ಶಿಕಾಗೋ ಹತ್ತಿರ. ಜೂನ್‌ನಲ್ಲಿ ಒಂದು ಶನಿವಾರ ಮಿಡೆವಿನ್ ಪ್ರೇರಿ ಅನ್ನೋ ದೊಡ್ಡ ಹುಲ್ಲಿನ ನೆಲಕ್ಕೆ ಹೋಗಿದ್ದೆ. ಹುಲ್ಲಿನ ನಡುವೆ ನಡೆದು, ಕಂಡ ಗಿಡ, ಹಕ್ಕಿ, ಚಿಟ್ಟೆಗಳನ್ನೆಲ್ಲ ಬರೆದುಕೊಳ್ಳುವ ಕೆಲಸ. ಸಂಬಳ ಗಿಂಬಳ ಇಲ್ಲ, ಆಸಕ್ತಿ ಇದ್ದವರು ಬರುತ್ತಾರೆ. ಸಂಜೆ ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಲು ಹೋಗಿ, ಸರಿಯಾದ ಕನ್ನಡ ಪದ ಸಿಗದೆ ಎರಡು ಕಡೆ ತಡವರಿಸಿದೆ.

ಇಂಥ ಕೆಲಸವನ್ನು ಇಲ್ಲಿ ‘ಬಯೋಬ್ಲಿಟ್ಜ್’ ಅನ್ನುತ್ತಾರೆ. 1996ರಲ್ಲಿ ವಾಷಿಂಗ್ಟನ್ನಿನ ಒಂದು ಪಾರ್ಕಿನಲ್ಲಿ ಶುರುವಾದದ್ದು. ಸಾಮಾನ್ಯವಾಗಿ 24 ಗಂಟೆಯೊಳಗೆ, ಆ ಜಾಗದಲ್ಲಿ ಎಷ್ಟು ಬಗೆಯ ಜೀವಿಗಳಿವೆ ಅಂತ ಹುಡುಕಿ ಪಟ್ಟಿ ಮಾಡೋದು. ‘ಗಣತಿ’ ಅನ್ನೋಣ ಅಂದರೆ ಅದು ತಲೆ ಎಣಿಸೋದು. ಆನೆ ಗಣತಿ, ಹುಲಿ ಗಣತಿ ಅಂತೀವಲ್ಲ, ಹಾಗೆ. ಇಲ್ಲಿ ಡಿಕ್‌ಸಿಸೆಲ್ ಹಕ್ಕಿ ಒಂದು ಕಂಡರೂ ನೂರು ಕಂಡರೂ ಪಟ್ಟಿಯಲ್ಲಿ ಒಂದೇ ಸಾಲು. “ಎಷ್ಟು ಜಾತಿ ಇವೆ ಅಂತ ನೋಡ್ತೀವಮ್ಮ” ಅಂದೆ. “ಅಯ್ಯೋ, ಅಲ್ಲೂ ಜಾತಿ ಗಣತೀನಾ?” ಅಂದರು!

‘ಪ್ರಭೇದ’ ಅಂದಿದ್ದರೆ ಸುಮ್ನೆ ಹೂಂಗುಟ್ಟುತ್ತಿದ್ದರು. ‘ಸಮೀಕ್ಷೆ’ ಅಂದರೆ ಯಾರೋ ಫಾರಂ ಹಿಡಿದು ಬಾಗಿಲು ಬಡಿದ ಹಾಗಿರುತ್ತೆ. ‘ಜೀವಿ ಜಾಲಾಟ’ ಹೇಗೆ? ಕಳೆದ ಬೀಗದ ಕೈಗೆ ಮನೆಯೆಲ್ಲ ಜಾಲಾಡಿದೆ ಅಂತೀವಲ್ಲ, ಆ ಅವಸರ ಇದರಲ್ಲೂ ಇದೆ.

ಇನ್ನು ‘ಪ್ರೇರಿ’. ಹುಲ್ಲುಗಾವಲು ಅಂದ ಕೂಡಲೇ ಅಮ್ಮ ಕೇಳಿದ್ದು, “ದನ ಯಾರದ್ದು?” ತಪ್ಪು ಅವರದ್ದಲ್ಲ. ಹುಲ್ಲು + ಕಾವಲು, ಆದೇಶ ಸಂಧಿ. ಚಿತ್ರದುರ್ಗದ ಕಡೆ ಅಮೃತಮಹಲ್ ಕಾವಲುಗಳಿವೆಯಲ್ಲ, ಹಾಗೆ ದನಕ್ಕೆಂದು ಕಾಯ್ದಿಟ್ಟ ಜಾಗ ಅನ್ನೋದೇ ಆ ಪದದ ಹೊಟ್ಟೆಯಲ್ಲಿದೆ. ಆದರೆ ಪ್ರೇರಿಯಲ್ಲಿ ಬಿಗ್ ಬ್ಲೂಸ್ಟೆಮ್ ಹುಲ್ಲು ಆಳೆತ್ತರ ದಾಟುತ್ತೆ, ಬೇರು ಅಷ್ಟೇ ಆಳಕ್ಕೆ ಇಳಿಯುತ್ತೆ. ಕಂಪಾಸ್ ಗಿಡ ಅಂತ ಒಂದಿದೆ, ಅದರ ಎಲೆಗಳ ಅಂಚು ಉತ್ತರ ದಕ್ಷಿಣಕ್ಕೆ ತಿರುಗಿ ನಿಲ್ಲುತ್ತೆ. ಆಗಾಗ ಬೆಂಕಿ ಬೀಳದಿದ್ದರೆ ಇದೆಲ್ಲ ಪೊದೆ, ಮರಗಳ ಪಾಲು. ಮೇವಿನ ಜಾಗ ಅಂದರೆ ಇಷ್ಟೂ ಹೊರಗುಳಿಯುತ್ತೆ, ಅಲ್ವಾ?

ತಮಾಷೆ ಅಂದರೆ ಮಿಡೆವಿನ್ ಹಿಂದೆ ಸೈನ್ಯದ ಮದ್ದುಗುಂಡಿನ ಕಾರ್ಖಾನೆಯ ಜಾಗ, ಅಂದರೆ ನಿಜವಾಗಿಯೂ ಕಾವಲಿದ್ದ ನೆಲ! 2015ರಿಂದ ಅಲ್ಲಿ ಬೈಸನ್ ಅನ್ನೋ ಅಮೆರಿಕದ ಕಾಡುದನಗಳೂ ಮೇಯುತ್ತಿವೆ. ಹಾಗಾಗಿ ಪದ ಪೂರ್ತಿ ತಪ್ಪು ಅಂತ ನಾನು ಹಟ ಹಿಡಿಯಲ್ಲ.

ಬೇರೆ ಪದಗಳನ್ನೂ ಹಾಕಿ ನೋಡಿದೆ. ‘ಬಯಲು’ ಅಂದರೆ ಏನೂ ಇಲ್ಲದ ಜಾಗ. ‘ಬೀಳು’ ಉಳದೆ ಬಿಟ್ಟ ಹೊಲ. ‘ಗೋಮಾಳ’ದಲ್ಲಿ ಮತ್ತೆ ದನ. ಶಿರಸಿ ಕಡೆಯ ‘ಬೇಣ’ (ಹುಲ್ಲು ಬೆಳೆಯುವ ಜಾಗ) ಸ್ವಲ್ಪ ಹತ್ತಿರ ಅನ್ನಿಸುತ್ತೆ, ಅದನ್ನು ಬಳಸಿ ಬೆಳೆದವರು ಹೇಳಬೇಕು. ಎರೆಭೂತ ಅನ್ನೋ ಹುಲ್ಲುನೆಲದ ಹಕ್ಕಿ ಓಡಾಡುವ ಸಿರುಗುಪ್ಪ ಕಡೆಯವರು ಯಾರಾದರೂ ಇದ್ದೀರಾ? ದನದ ಹಂಗಿಲ್ಲದೆ, ಹುಲ್ಲಿಗೆಂದೇ ಇರುವ ನೆಲಕ್ಕೆ ನಿಮ್ಮಲ್ಲಿ ಏನಂತಾರೆ?